ಮರುಮದುವೆಯ ಬಾಗಿಲು: ಹತ್ತೊಂಬತ್ತನೆಯ ಶತಮಾನದ ಕಾದಂಬರಿಗಳಲ್ಲಿ ವಿವಾಹ, ಮಾತೃತ್ವ ಮತ್ತು ಸ್ತ್ರೀಸ್ವಾತಂತ್ರ್ಯ

೧

ಕ್ರಿ. ಶ. ೧೮೯೯ನೆಯ ವರ್ಷದಲ್ಲಿ, ಒಂದಕ್ಕೊಂದು ಯಾವ ಸಂಬಂಧವೂ ಇಲ್ಲದ ಎರಡು ನಗರಗಳಲ್ಲಿ, ಸ್ತ್ರೀಯೇ ಪ್ರಧಾನ ಪಾತ್ರವಾಗಿರುವ ಎರಡು ಕಾದಂಬರಿಗಳು ಪ್ರಕಟವಾದವು. ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ ಅಥವಾ ಸದ್ಧರ್ಮವಿಜಯವು’ ಒಂದು. ಅಮೆರಿಕದ ಶಿಕಾಗೋ ನಗರದಿಂದ ಹೊರಬಂದ ಕೇಟ್ ಶೋಪಾನ್ ಎಂಬ ಲೇಖಕಿಯ ‘ದಿ ಅವೇಕನಿಂಗ್’ ಮತ್ತೊಂದು. ಮೊದಲನೆಯದನ್ನು ಕನ್ನಡದ ಮೊದಲ ಸ್ವತಂತ್ರ ಸಾಮಾಜಿಕ ಕಾದಂಬರಿಯೆಂದು ವಿದ್ವಾಂಸರು ಸಾಮಾನ್ಯವಾಗಿ ಒಪ್ಪಿದ್ದಾರೆ. ಎರಡನೆಯದು ಪ್ರಕಟವಾದಾಗ ವಿಮರ್ಶಕರ ಕಟು ಖಂಡನೆಗೆ ಗುರಿಯಾಗಿ, ಬಹುಕಾಲ ಮರವೆಗೆ ಸಂದು, ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮತ್ತೆ ಬೆಳಕಿಗೆ ಬಂದಿತು.

ಈ ಎರಡು ಕೃತಿಗಳ ನಾಯಿಕೆಯರು ಮನೆಯನ್ನು ಬಿಟ್ಟು ಹೊರಡುವವರೇ. ಆದರೆ ಅವರು ಹೊರಟ ದಿಕ್ಕುಗಳು ವಿರುದ್ಧವಾದವು. ಶೋಪಾನಳ ನಾಯಿಕೆ ಎಡ್ನಾ ಪಾಂಟೆಲಿಯೆ ಎಂಬವಳು ಪತಿಯ ಸಂಪನ್ನವಾದ ಮನೆಯನ್ನು ತೊರೆದು ಚಿಕ್ಕದೊಂದು ಮನೆಯಲ್ಲಿ ತಾನೊಬ್ಬಳೇ ನೆಲಸುತ್ತಾಳೆ. ಇಬ್ಬರು ಗಂಡುಮಕ್ಕಳ ತಾಯಿಯಾಗಿದ್ದೂ ಮಾತೃತ್ವವೇ ತನ್ನ ಜೀವಿತದ ಸರ್ವಸ್ವವೆಂದು ಒಪ್ಪಲಾರದೆ, ಕೊನೆಗೆ ಸಮುದ್ರದಲ್ಲಿ ಈಜುತ್ತ ದೂರ ಹೋಗಿ ಪ್ರಾಣ ನೀಗುತ್ತಾಳೆ. ಇಂದಿರಾಬಾಯಿಯಾದರೋ ತಂದೆತಾಯಿಗಳ ಮನೆಯನ್ನು ಬಿಟ್ಟು, ವಿದ್ಯೆ ಕಲಿತು, ವಿವಾಹದ ಕಡೆಗೆ ನಡೆಯುತ್ತಾಳೆ. ಆಕೆಯ ಕಥೆ ಮದುವೆಯ ಮಂಗಳದಲ್ಲಿ ಮುಗಿಯುತ್ತದೆ.

ಕೆಲವು ದಿನಗಳ ಹಿಂದೆ ನಾವು ತರಗತಿಯಲ್ಲಿ ಈ ಕಾದಂಬರಿಯ ಸಾಮಾಜಿಕ ಹಿನ್ನೆಲೆಯನ್ನು ವಿವರಿಸುತ್ತಿದ್ದಾಗ, ಕೊಲ್ಹಾರದಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಎದ್ದು, “ಇಷ್ಟು ಓದಿದ ಮೇಲೂ ಆಕೆ ಮದುವೆ ಆಗಲೇಬೇಕಿತ್ತೇನ್ರೀ?” ಎಂದು ಕೇಳಿದಳು. ಅದು ಆ ಕಾಲದ ಸುಧಾರಕರ ದೃಷ್ಟಿಯ ಮಿತಿಯೆಂದು ನಾವು ಅಂದು ಉತ್ತರ ಹೇಳಿ ಪಾಠವನ್ನು ಮುಂದುವರಿಸಿದೆವು. ಆ ಉತ್ತರ ಸುಲಭವಾದದ್ದಾಗಿತ್ತು; ಸಮರ್ಪಕವಾದದ್ದಾಗಿರಲಿಲ್ಲ. ಪ್ರಕೃತ ಪ್ರಬಂಧವು ಅದನ್ನು ತಿದ್ದಿಕೊಳ್ಳುವ ಪ್ರಯತ್ನವೆಂದು ವಾಚಕರು ಭಾವಿಸಬಹುದು.

೨

ಮೊದಲು ಕಥೆಯ ಸಾರವನ್ನು ನೋಡೋಣ. ಇಂದಿರೆ ಭೀಮರಾಯ, ಅಂಬಾಬಾಯಿ ಎಂಬ ದಂಪತಿಗಳ ಮಗಳು. ಎಳೆಯ ವಯಸ್ಸಿನಲ್ಲಿಯೇ ವಿಧವೆಯಾದವಳು. ತಂದೆತಾಯಿಗಳು ಸಂತಮಂಡಳಿಯೆಂಬ ಡಾಂಭಿಕರ ಕೂಟಕ್ಕೆ ಮರುಳಾಗಿ ಮಗಳನ್ನೂ ಅವರ ಸೇವೆಗೆ ತೊಡಗಿಸಲು ಯತ್ನಿಸುತ್ತಾರೆ. ಅದರಿಂದ ಮಾನಹಾನಿ ಒದಗುವುದೆಂದು ಕಂಡ ಇಂದಿರೆ ಮನೆಯಿಂದ ತಪ್ಪಿಸಿಕೊಂಡು, ಸುಧಾರಕನಾದ ಅಮೃತರಾಯನ ಆಶ್ರಯವನ್ನು ಪಡೆದು ವಿದ್ಯಾಭ್ಯಾಸ ಮಾಡುತ್ತಾಳೆ. ಅದೇ ಆಶ್ರಯದಲ್ಲಿ ಬೆಳೆದು, ಇಂಗ್ಲೆಂಡಿಗೆ ಹೋಗಿ ಓದಿ, ಅಧಿಕಾರಿಯಾಗಿ ಹಿಂದಿರುಗಿದ ಭಾಸ್ಕರನೊಡನೆ ಆಕೆಯ ಪುನರ್ವಿವಾಹ ನಡೆಯುತ್ತದೆ.

ಗ್ರಂಥಕರ್ತರಾದ ವೆಂಕಟರಾಯರು (೧೮೪೪-೧೯೧೩) ಪೊಲೀಸು ಇಲಾಖೆಯಲ್ಲಿ ಅಧಿಕಾರಿಗಳಾಗಿದ್ದವರು, ಸಾರಸ್ವತ ಸಮಾಜದವರು. ತಮ್ಮ ಸಮಾಜದ ಒಳಗಣ ಕಲಹವನ್ನೇ ಅವರು ಕಥೆಯಾಗಿಸಿದರು. ಸರಕಾರಿ ಹುದ್ದೆ, ಇಂಗ್ಲಿಷ್ ವಿದ್ಯೆ, ಸಮುದ್ರಯಾನ, ವಿಧವಾವಿವಾಹ—ಇವೆಲ್ಲವೂ ಈ ಗ್ರಂಥದಲ್ಲಿ ಒಂದೇ ಎಳೆಯಲ್ಲಿ ಪೋಣಿಸಲ್ಪಟ್ಟಿವೆ.

ಇಂದಿನ ವಾಚಕನಿಗೆ ಎಡ್ನಾಳ ನಿರ್ಗಮನವು ಸ್ವಾತಂತ್ರ್ಯವಾಗಿಯೂ, ಇಂದಿರೆಯ ವಿವಾಹವು ಪರಾಧೀನತೆಯಾಗಿಯೂ ತೋರುವುದು ಸಹಜ. ನಮ್ಮ ಅಭಿಪ್ರಾಯದಲ್ಲಿ ಇದು ಒಂದೇ ಅಳತೆಗೋಲಿನಿಂದ ಎರಡು ಬೇರೆ ವಸ್ತುಗಳನ್ನು ಅಳೆದಂತೆ. ಬಾಲವಿಧವೆಯೆಂಬವಳು ವಿವಾಹದಿಂದ ಬಿಡುಗಡೆ ಹೊಂದಿದವಳಲ್ಲ. ಎಂದಿಗೂ ಬಿಡುಗಡೆ ಹೊಂದಲಾರದವಳು. ಗಂಡನು ಸತ್ತರೂ ಆ ಮದುವೆ ಸಾಯುವುದಿಲ್ಲ. ತಾನು ಅರಿಯದ ವಯಸ್ಸಿನಲ್ಲಿ ನಡೆದ ಒಂದು ವಿಧಿ ಆಕೆಯ ತಲೆಗೂದಲನ್ನು, ಉಡುವ ಸೀರೆಯ ಬಣ್ಣವನ್ನು, ಉಣ್ಣುವ ಹೊತ್ತನ್ನು ಕೂಡ ಕಡೆಯವರೆಗೆ ಆಳುತ್ತದೆ. ಅಂಥವಳು ತಿಳಿದ ವಯಸ್ಸಿನಲ್ಲಿ ಮತ್ತೊಬ್ಬನನ್ನು ಒಪ್ಪಿ ವರಿಸಿದಳೆಂದರೆ, ಅದು ಮೊದಲನೆಯ ವಿವಾಹದಿಂದ ಆಕೆ ಪಡೆದ ಬಿಡುಗಡೆಯೇ ಸರಿ. ಎಡ್ನಾಳಿಗೆ ಯಾವುದು ಸೆರೆಮನೆಯ ಬಾಗಿಲೋ ಇಂದಿರೆಗೆ ಅದೇ ಹೊರಬರುವ ಬಾಗಿಲು.

ಅಂದಿನ ಇತರ ಕಥೆಗಳನ್ನು ಪಕ್ಕಕ್ಕಿಟ್ಟು ನೋಡಿದರೆ ಈ ಬಾಗಿಲು ಎಷ್ಟು ಇಕ್ಕಟ್ಟಾಗಿತ್ತೆಂಬುದು ತಿಳಿಯುತ್ತದೆ. ಬಿ. ವೆಂಕಟಾಚಾರ್ಯರ ಅನುವಾದಗಳ ಮೂಲಕ ಕನ್ನಡಿಗರಿಗೆ ಪ್ರಿಯನಾದ ಬಂಕಿಮಚಂದ್ರನ ‘ವಿಷವೃಕ್ಷ’ದಲ್ಲಿ (೧೮೭೩) ಮರುಮದುವೆಯಾದ ಕುಂದನಂದಿನಿ ವಿಷ ಕುಡಿದು ಸಾಯುತ್ತಾಳೆ, ‘ಕೃಷ್ಣಕಾಂತನ ಉಯಿಲು’ (೧೮೭೮) ಎಂಬ ಕಾದಂಬರಿಯ ವಿಧವೆ ರೋಹಿಣಿ ಗುಂಡಿಗೆ ಬಲಿಯಾಗುತ್ತಾಳೆ. ಬೆಳಗಾವಿಯಲ್ಲಿ ಜನಿಸಿದ ಬಾಬಾ ಪದ್ಮನಜಿಯವರ ಮರಾಠಿ ಕಾದಂಬರಿ ‘ಯಮುನಾ ಪರ್ಯಟನ’ದಲ್ಲಿ (೧೮೫೭) ವಿಧವೆಯಾದ ಯಮುನೆ ಬದುಕಿ ಮರುಮದುವೆಯಾಗುತ್ತಾಳೆ, ನಿಜ, ಆದರೆ ಕ್ರೈಸ್ತಮತವನ್ನು ಸ್ವೀಕರಿಸಿದ ಮೇಲೆ. ತನ್ನ ಮತವನ್ನೂ ಪ್ರಾಣವನ್ನೂ ಉಳಿಸಿಕೊಂಡು ಮರುಮದುವೆಯಾದ ವಿಧವೆಯನ್ನು ಕನ್ನಡದ ವಾಚಕರ ಮುಂದೆ ನಿಲ್ಲಿಸಿದ ಕೀರ್ತಿ ವೆಂಕಟರಾಯರಿಗೆ ಸಲ್ಲಬೇಕು.

೩

ಇಷ್ಟು ಹೇಳಿದ ಮೇಲೆ, ಆ ಕೃತಿ ಹೇಳದೆ ಬಿಟ್ಟದ್ದನ್ನೂ ಗಮನಿಸುವುದು ಇತಿಹಾಸಕಾರನ ಕರ್ತವ್ಯ. ಇಂದಿರೆಗೆ ಮಕ್ಕಳಿಲ್ಲ. ಇದು ಅಕಸ್ಮಾತ್ತಾದ ವಿವರವಲ್ಲವೆಂದು ನಾವು ತಿಳಿಯುತ್ತೇವೆ. ಸುಧಾರಕರು ತಮ್ಮ ವಾದಕ್ಕೆ ಸದಾ ಬಾಲವಿಧವೆಯನ್ನೇ ನಿದರ್ಶನವಾಗಿ ಆರಿಸಿಕೊಂಡರು. ಸಂಸಾರವನ್ನೇ ಕಾಣದ ಮಗುವಿನ ವಿಷಯದಲ್ಲಿ ಕರುಣೆ ಸುಲಭವಾಗಿ ಹುಟ್ಟುತ್ತದೆ. ಆದರೆ ಮಕ್ಕಳುಳ್ಳ ವಿಧವೆ ಮರುಮದುವೆಗೆ ಹೊರಟರೆ ಆ ಮಕ್ಕಳು ಯಾರವರು, ಅವರ ಹೊಲಮನೆ ಯಾರದು ಎಂಬ ಪ್ರಶ್ನೆ ಏಳುತ್ತದೆ. ವಿವಾಹವೂ ಮಾತೃತ್ವವೂ ಒಂದಕ್ಕೊಂದು ಎದುರಾಗಿ ನಿಲ್ಲುವ ಆ ಸ್ಥಳಕ್ಕೆ ನಮ್ಮ ಆದಿಕಾಲದ ಕಾದಂಬರಿ ಹೋಗಲಿಲ್ಲ.

ಕಾಯಿದೆಯಾದರೋ ಅಲ್ಲಿಗೆ ನೇರವಾಗಿ ಹೋಗಿತ್ತು. ೧೮೫೬ನೆಯ ಇಸವಿಯ ಹದಿನೈದನೆಯ ಕಾಯಿದೆ ಹಿಂದೂ ವಿಧವೆಯರ ಪುನರ್ವಿವಾಹವನ್ನು ಸಿಂಧುವೆಂದು ಸಾರಿತು. ಶಾಲೆಯ ಪಠ್ಯಪುಸ್ತಕಗಳು ಇಷ್ಟನ್ನು ಹೇಳಿ ನಿಲ್ಲಿಸುತ್ತವೆ. ಆದರೆ ಅದರ ಎರಡನೆಯ ಪ್ರಕರಣದ ಪ್ರಕಾರ, ಪುನರ್ವಿವಾಹ ಮಾಡಿಕೊಂಡವಳಿಗೆ ಮೊದಲ ಪತಿಯ ಆಸ್ತಿಯಲ್ಲಿ ಇದ್ದ ಜೀವನಾಂಶದ ಹಾಗೂ ಉತ್ತರಾಧಿಕಾರದ ಹಕ್ಕುಗಳು, ಆಕೆ ಸತ್ತೇಹೋದಳೋ ಎಂಬಂತೆ, ಕೊನೆಗಾಣುತ್ತಿದ್ದವು. ಮೂರನೆಯ ಪ್ರಕರಣವು ಮಕ್ಕಳಿಗೆ ಸಂಬಂಧಿಸಿದುದು. ತಂದೆಯು ತನ್ನ ಮರಣಪತ್ರದಲ್ಲಿ ಪಾಲಕರನ್ನು ಗೊತ್ತುಮಾಡದೆ ಹೋಗಿದ್ದರೆ, ತಾಯಿ ಮರುಮದುವೆಯಾದಾಗ ಆತನ ಬಂಧುಗಳು ಮಕ್ಕಳಿಗೆ ಬೇರೊಬ್ಬ ಪಾಲಕನನ್ನು ನೇಮಿಸಬೇಕೆಂದು ನ್ಯಾಯಾಲಯವನ್ನು ಬೇಡಬಹುದಾಗಿತ್ತು. ಹೀಗೆ ಒಂದು ಕೈಯಿಂದ ವಿವಾಹದ ಹಕ್ಕನ್ನು ಕೊಟ್ಟ ಕಾಯಿದೆ ಇನ್ನೊಂದು ಕೈಯಿಂದ ಹೊಲವನ್ನು ಕಿತ್ತುಕೊಂಡು, ಮಕ್ಕಳನ್ನೂ ಪಣಕ್ಕೆ ಒಡ್ಡಿತು.

ಈ ಇಕ್ಕಟ್ಟು ನಮ್ಮ ದೇಶಕ್ಕೆ ಮಾತ್ರ ಮೀಸಲಾದುದಲ್ಲ. ನಾರ್ವೆಯ ನಾಟಕಕಾರ ಇಬ್ಸೆನ್ ‘ಬೊಂಬೆಯ ಮನೆ’ (೧೮೭೯) ನಾಟಕದಲ್ಲಿ ನೋರಾ ಎಂಬ ಗೃಹಿಣಿಯನ್ನು ಗಂಡನನ್ನೂ ಮೂವರು ಮಕ್ಕಳನ್ನೂ ಬಿಟ್ಟು ಹೊರಡಿಸಿದನು. ಅದರ ಜರ್ಮನ್ ಪ್ರಯೋಗಕ್ಕಾಗಿ ೧೮೮೦ರಲ್ಲಿ ಆತನೇ ಬೇರೊಂದು ಮುಕ್ತಾಯವನ್ನು ಬರೆದುಕೊಡಬೇಕಾಯಿತು. ಆ ಮುಕ್ತಾಯದಲ್ಲಿ ನೋರಾ ಮಲಗಿದ ಮಕ್ಕಳನ್ನು ಕಂಡು ಹೊರಡಲಾರದೆ ಕುಸಿಯುತ್ತಾಳೆ. ಗಂಡನನ್ನು ಬಿಡುವುದನ್ನು ಒಂದು ವೇಳೆ ಸಹಿಸಬಹುದು, ಮಕ್ಕಳನ್ನು ಬಿಡುವುದನ್ನು ಸಹಿಸಲಾಗದೆಂಬುದು ಅಂದಿನ ಯುರೋಪಿನ ಪ್ರೇಕ್ಷಕನ ಮನಸ್ಸು. ಎಡ್ನಾಳ ಕಥೆ ಸಮುದ್ರದಲ್ಲಿ ಮುಗಿದುದಕ್ಕೂ ಇದೇ ಕಾರಣವಿರಬೇಕು.

೪

ಈಗ ಆ ವಿದ್ಯಾರ್ಥಿನಿಯ ಊರಿಗೆ ಬರೋಣ. ಕೃಷ್ಣಾ ತೀರದ ಕೊಲ್ಹಾರವು ಬಸವನ ಬಾಗೇವಾಡಿಯ ಸೀಮೆಗೆ ಸೇರಿದ ಊರು. ಮಡಕೆಯ ಗಟ್ಟಿ ಮೊಸರಿಗೆ ಹೆಸರಾದುದು. ಹಳೆಯ ಕೊಲ್ಹಾರವು ಆಲಮಟ್ಟಿ ಜಲಾಶಯದ ಹಿನ್ನೀರಿನ ಮುಳುಗಡೆಗೆ ಒಳಗಾದುದರಿಂದ ಜನರು ಹೊಸ ನೆಲೆಗೆ ಬಂದು ಮನೆ ಕಟ್ಟಿಕೊಂಡರು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಈ ಸೀಮೆಯು ಬೊಂಬಾಯಿ ಪ್ರಾಂತಕ್ಕೆ ಸೇರಿ, ಮೊದಲು ಕಲಾದಗಿ ಜಿಲ್ಲೆಯೆಂದೂ ೧೮೮೫ರಿಂದ ವಿಜಾಪುರ ಜಿಲ್ಲೆಯೆಂದೂ ಕರೆಯಲ್ಪಡುತ್ತಿತ್ತು. ಇಂದಿರಾಬಾಯಿಯ ಮಂಗಳೂರು ಮದರಾಸು ಪ್ರಾಂತದಲ್ಲಿತ್ತು. ಕನ್ನಡ ನಾಡು ಹೀಗೆ ಹಂಚಿಹೋಗಿದ್ದರೂ ೧೮೫೬ರ ಕಾಯಿದೆ ಎರಡೂ ಪ್ರಾಂತಗಳಿಗೆ ಒಂದೇ ಆಗಿತ್ತು.

ಆದರೆ ಈ ಸೀಮೆಯ ಬಹುಸಂಖ್ಯಾತ ಒಕ್ಕಲು ಜನರಲ್ಲಿ ಕಾಯಿದೆ ಬರುವುದಕ್ಕೆ ಮುಂಚಿನಿಂದಲೂ ವಿಧವೆಯರ ಮರುಮದುವೆ ರೂಢಿಯಲ್ಲಿತ್ತು. ಅದಕ್ಕೆ ಉಡಿಕೆಯೆಂದು ಹೆಸರು. ವಾದ್ಯವೈಭವಗಳಿಲ್ಲದೆ, ಸೀರೆಯನ್ನು ಉಡಿಸುವುದರ ಮೂಲಕ ನಡೆಯುವ ಕೂಡಿಕೆ ಅದು. ಗಂಡನನ್ನು ಬಿಡುವುದಕ್ಕೆ ಸೋಡಚೀಟಿಯೆಂಬ ಮಾತೂ ಬಳಕೆಯಲ್ಲಿತ್ತು. ೧೮೮೪ರಲ್ಲಿ ಪ್ರಕಟವಾದ ಬೊಂಬಾಯಿ ಗೆಜೆಟಿಯರಿನ ವಿಜಾಪುರ ಸಂಪುಟವು ಜಾತಿಜಾತಿಯ ಆಚಾರಗಳನ್ನು ವರ್ಣಿಸುವಾಗ ಎಷ್ಟೋ ಸಮುದಾಯಗಳ ವಿಷಯದಲ್ಲಿ ವಿಧವಾವಿವಾಹ ಉಂಟೆಂದು ಬರೆದಿದೆ. ಅಂದಮೇಲೆ ಕಾದಂಬರಿಯು ಮಹಾಕ್ರಾಂತಿಯೆಂದು ಬಣ್ಣಿಸಿದ ಘಟನೆ ಕೊಲ್ಹಾರದ ಸುತ್ತಣ ಅನೇಕ ಕೇರಿಗಳಲ್ಲಿ ವರ್ಷವರ್ಷವೂ ನಡೆಯುತ್ತಿದ್ದ ಸಾಮಾನ್ಯ ವ್ಯವಹಾರವಾಗಿತ್ತು. ಇಂದಿರೆಯ ಸಂಕಟ ಮೇಲುಜಾತಿಯ ಸಂಕಟ. ಅದನ್ನು ಇಡೀ ಕನ್ನಡ ಸ್ತ್ರೀಕುಲದ ಸಂಕಟವೆಂದು ಓದುವುದು ಸರಿಯಾಗದು.

ಹಾಗಾದರೆ ಉಡಿಕೆಯ ಸ್ತ್ರೀ ಸ್ವತಂತ್ರಳಾಗಿದ್ದಳೇ? ಇಲ್ಲಿ ಆತುರದ ನಿರ್ಣಯ ಸಲ್ಲದು. ಉಡಿಕೆಯಾದವಳಿಗೆ ಲಗ್ನವಾದವಳಿಗೆ ಸಲ್ಲುವ ಮರ್ಯಾದೆ ಸಲ್ಲುತ್ತಿರಲಿಲ್ಲ. ಶುಭಕಾರ್ಯಗಳಲ್ಲಿ ಆಕೆಯನ್ನು ಹಿಂದಿರಿಸುತ್ತಿದ್ದರು. ಅಲ್ಲದೆ, ರೂಢಿಯಿಂದ ಮರುಮದುವೆ ನಡೆಯುವ ಜಾತಿಗಳಿಗೂ ೧೮೫೬ರ ಕಾಯಿದೆಯ ಎರಡನೆಯ ಪ್ರಕರಣ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆ ಬಂದಾಗ ಬೊಂಬಾಯಿಯ ಹೈಕೋರ್ಟು ಅನ್ವಯಿಸುತ್ತದೆಂದೇ ತೀರ್ಮಾನಿಸಿತು. ಅಲಹಾಬಾದಿನ ಹೈಕೋರ್ಟು ಇದಕ್ಕೆ ವಿರುದ್ಧವಾದ ಮತವನ್ನು ತಾಳಿತು. ಸುಧಾರಣೆಗಾಗಿ ಹುಟ್ಟಿದ ಕಾಯಿದೆ, ಸುಧಾರಣೆಯ ಅಗತ್ಯವೇ ಇಲ್ಲದಿದ್ದವರ ಹೊಲವನ್ನು ಹೀಗೆ ತೆಗೆದುಕೊಂಡಿತು. ಈ ಕಾಯಿದೆ ೧೯೮೩ರಲ್ಲಿ ರದ್ದಾಯಿತು.

ತರಗತಿ ಮುಗಿದ ಮೇಲೆ ಆ ವಿದ್ಯಾರ್ಥಿನಿ ನಮ್ಮ ಬಳಿಗೆ ಬಂದು ತನ್ನ ಮನೆತನದ ಒಂದು ನೆನಪನ್ನು ಹೇಳಿದಳು. ಅವಳ ಅಜ್ಜಿಯ ಅಜ್ಜಿಯೊಬ್ಬಳು ಗಂಡ ಸತ್ತ ಮೇಲೆ ಉಡಿಕೆಯಾಗಿ ಹೊಳೆಯ ಆಚೆಯ ಊರಿಗೆ ಹೋದಳಂತೆ. ಮಗನು ಹೊಲದೊಡನೆ ಮೊದಲಿನ ಮನೆಯಲ್ಲಿಯೇ ಉಳಿದನಂತೆ. ಜಾತ್ರೆಯ ದಿನ ಆಕೆ ದೂರದಲ್ಲಿ ನಿಂತು ಮಗನನ್ನು ನೋಡಿ ಹೋಗುತ್ತಿದ್ದಳೆಂದು ಹೇಳುತ್ತಾರೆ. ಆಕೆಯ ಹೆಸರನ್ನು ಮಾತ್ರ ಮನೆಯಲ್ಲಿ ಯಾರೂ ಬಲ್ಲವರಿಲ್ಲ. ಒಂದು ಮನೆಯ ನೆನಪನ್ನು ಇಡೀ ಸೀಮೆಯ ಇತಿಹಾಸಕ್ಕೆ ಪ್ರಮಾಣವೆಂದು ಸ್ವೀಕರಿಸಲಾಗದು. ಆದರೂ ಗೆಜೆಟಿಯರಿನ ಒಂದು ಸಾಲನ್ನೂ ಕಾಯಿದೆಯ ಎರಡು ಪ್ರಕರಣಗಳನ್ನೂ ಇದರೊಡನೆ ಇಟ್ಟು ನೋಡಿದಾಗ, ಮೂರೂ ಒಂದೇ ಮಾತನ್ನು ಹೇಳುತ್ತವೆ: ವಿವಾಹದ ಬಾಗಿಲು ತೆರೆದಿದ್ದ ಕಡೆಯಲ್ಲಿ ಅದರ ಸುಂಕವನ್ನು ಮಾತೃತ್ವದಿಂದ ತೆರಬೇಕಾಗಿತ್ತು. ಇದೇ ಕಾದಂಬರಿ ಬರೆಯದೆ ಬಿಟ್ಟ ಅಧ್ಯಾಯ.

೫

ವಿವಾಹವನ್ನೇ ಬೇಡವೆಂದವರು ಅಂದು ಇರಲಿಲ್ಲವೆ ಎಂದು ಕೇಳಬಹುದು. ಇದ್ದರು, ಕಥೆಯಲ್ಲಲ್ಲ, ನ್ಯಾಯಾಲಯದಲ್ಲಿ. ಬೊಂಬಾಯಿಯ ರುಖ್ಮಾಬಾಯಿ ಹನ್ನೊಂದನೆಯ ವಯಸ್ಸಿನಲ್ಲಿ ದಾದಾಜಿ ಭಿಕಾಜಿಯೆಂಬವನಿಗೆ ಮದುವೆಯಾದವಳು. ತವರಿನಲ್ಲಿಯೇ ಬೆಳೆದು, ಓದಿ, ಪತಿಗೃಹಕ್ಕೆ ಹೋಗಲು ಒಪ್ಪಲಿಲ್ಲ. ೧೮೮೪ರಲ್ಲಿ ಆತ ದಾವೆ ಹೂಡಿದನು. ೧೮೮೫ರಲ್ಲಿ ನ್ಯಾಯಮೂರ್ತಿ ಪಿನ್ಹೆ ಆಕೆಯ ಪರವಾಗಿ ತೀರ್ಪಿತ್ತರು. ಮರುವರ್ಷ ಮೇಲ್ಮನವಿಯಲ್ಲಿ ಅದು ತಿರುಗಿತು. ೧೮೮೭ರಲ್ಲಿ ನ್ಯಾಯಮೂರ್ತಿ ಫ್ಯಾರನ್, ಗಂಡನ ಮನೆಗೆ ಹೋಗಬೇಕು, ಇಲ್ಲವೆ ಆರು ತಿಂಗಳ ಸೆರೆವಾಸಕ್ಕೆ ಸಿದ್ಧಳಾಗಬೇಕು ಎಂದು ಆಜ್ಞಾಪಿಸಿದರು. ಸೆರೆವಾಸವೇ ಇರಲೆಂದು ಆಕೆ ನಿಂತಳು. ೧೮೮೮ರಲ್ಲಿ ಎರಡು ಸಾವಿರ ರೂಪಾಯಿಗಳನ್ನು ಪಡೆದು ದಾದಾಜಿ ಹಿಂದೆ ಸರಿದನು. ರುಖ್ಮಾಬಾಯಿ ಲಂಡನ್ನಿನಲ್ಲಿ ವೈದ್ಯವಿದ್ಯೆ ಕಲಿತು ಬಂದು ಸೂರತ್ ಮತ್ತು ರಾಜಕೋಟೆಗಳಲ್ಲಿ ದೀರ್ಘಕಾಲ ಸೇವೆ ಮಾಡಿ, ೧೯೫೫ರಲ್ಲಿ ನಿಧನರಾದರು.

ಈ ವ್ಯಾಜ್ಯದಲ್ಲಿ ಎರಡು ಸಂಗತಿಗಳು ನಮ್ಮ ವಿಷಯಕ್ಕೆ ಮುಖ್ಯವಾದವು. ಮೊದಲನೆಯದು, ಹೆಂಡತಿಯನ್ನು ನ್ಯಾಯಾಲಯದ ಮೂಲಕ ಮನೆಗೆ ಕರೆತರುವ ಈ ಬಗೆಯ ದಾವೆ ಹಿಂದೂ ಧರ್ಮಶಾಸ್ತ್ರದಿಂದ ಬಂದುದಲ್ಲ. ಇಂಗ್ಲೆಂಡಿನ ಚರ್ಚಿನ ನ್ಯಾಯದಿಂದ ಬಂದುದು. ಎರಡನೆಯದು, ರುಖ್ಮಾಬಾಯಿ ಬಡಿಗರ ಸಮಾಜದವಳು. ಅಲ್ಲಿ ಮರುಮದುವೆಗೆ ಅಡ್ಡಿಯಿರಲಿಲ್ಲ. ಆಕೆಯ ತಾಯಿ ಜಯಂತಿಬಾಯಿಯೇ ವಿಧವೆಯಾಗಿ, ಡಾಕ್ಟರ್ ಸಖಾರಾಮ ಅರ್ಜುನರನ್ನು ಮದುವೆಯಾದವಳು. ಮರುಮದುವೆಗೆ ಮುನ್ನ ಆ ತಾಯಿ ತನ್ನ ಪತಿಯ ಆಸ್ತಿಯನ್ನು ಮಗಳಿಗೆ ವಹಿಸಿದ್ದಳು. ಮಗಳನ್ನೂ ಉಳಿಸಿಕೊಂಡು, ಆಸ್ತಿಯನ್ನೂ ಮಗಳಿಗೆ ಉಳಿಸಿ, ತಾನೂ ಮರುಮದುವೆಯಾದ ತಾಯಿಯೊಬ್ಬಳು ಆ ವ್ಯಾಜ್ಯದ ಹಿನ್ನೆಲೆಯಲ್ಲಿ ಇದ್ದಳು. ನಗರದ ಸ್ಥಿತಿವಂತರಲ್ಲಿ ಸಾಧ್ಯವಾದ ಈ ಉಪಾಯ ಕೃಷ್ಣಾತೀರದ ಒಕ್ಕಲಗಿತ್ತಿಗೆ ಸುಲಭವಾಗಿರಲಾರದು.

ಪಂಡಿತಾ ರಮಾಬಾಯಿಯ ಜೀವನ ಇನ್ನೊಂದು ನಿದರ್ಶನ. ನಮ್ಮ ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ೧೮೫೮ರಲ್ಲಿ ಹುಟ್ಟಿದ ಈಕೆ ೧೮೮೨ರಲ್ಲಿ ಎಳೆಯ ಮಗಳೊಡನೆ ವಿಧವೆಯಾದಳು. ಮರುಮದುವೆಯಾಗಲಿಲ್ಲ, ತಲೆ ತಗ್ಗಿಸಿ ಮೂಲೆಯಲ್ಲಿಯೂ ಕೂಡಲಿಲ್ಲ. ಮಗಳನ್ನು ಕಟ್ಟಿಕೊಂಡು ಇಂಗ್ಲೆಂಡು ಅಮೆರಿಕಗಳನ್ನು ಸುತ್ತಿ ಬಂದು, ೧೮೮೯ರಲ್ಲಿ ಬೊಂಬಾಯಿಯಲ್ಲಿ ‘ಶಾರದಾ ಸದನ’ವೆಂಬ ವಿಧವಾಶಾಲೆಯನ್ನು ತೆರೆದಳು. ಈಕೆಯಂಥ ತಾಯಿಯನ್ನು ಅಂದಿನ ಯಾವ ಕನ್ನಡ ಕಥೆಗಾರನೂ ಕಲ್ಪಿಸಲಿಲ್ಲ.

೬

ಇಲ್ಲಿ ಇನ್ನೊಂದು ಶಂಕೆ ಹುಟ್ಟಬಹುದು. ವಿವಾಹವನ್ನು ನಿರಾಕರಿಸಿದ ಅಕ್ಕಮಹಾದೇವಿ ಹನ್ನೆರಡನೆಯ ಶತಮಾನದಲ್ಲಿಯೇ ನಮ್ಮವಳಾಗಿದ್ದಳಲ್ಲ, ಕಾದಂಬರಿಗೆ ಆ ಮಾದರಿ ಏಕೆ ಒದಗಲಿಲ್ಲ? ಬಸವಣ್ಣನವರ ಜನ್ಮಭೂಮಿಯಾದ ಬಾಗೇವಾಡಿಯ ಸೀಮೆಯಲ್ಲಿ ನಿಂತು ಈ ಪ್ರಶ್ನೆಯನ್ನು ತಳ್ಳಿಹಾಕಲಾಗದು. ಹರಿಹರನ ರಗಳೆಯಲ್ಲಿ ಅಕ್ಕನು ಕೌಶಿಕರಾಜನನ್ನು ಷರತ್ತುಗಳ ಮೇಲೆ ವರಿಸಿ, ಅವು ಮುರಿದಾಗ ಅರಮನೆಯನ್ನು ಬಿಡುತ್ತಾಳೆ. ಚಾಮರಸನ ‘ಪ್ರಭುಲಿಂಗಲೀಲೆ’ಯಲ್ಲಿ ಆ ವಿವಾಹವೇ ನಡೆಯುವುದಿಲ್ಲ. ಆಕೆ ಮದುವೆಯಾದಳೋ ಇಲ್ಲವೋ ಎಂಬ ವಿಷಯದಲ್ಲಿ ಪ್ರಾಚೀನ ಕವಿಗಳೇ ಭಿನ್ನರಾಗಿರುವುದು, ಈ ಪ್ರಶ್ನೆ ಅವರನ್ನೂ ಕಾಡಿತ್ತೆಂಬುದಕ್ಕೆ ಸಾಕ್ಷಿ. ಆದರೆ ಅಕ್ಕನ ನಿರಾಕರಣೆಗೆ ಚೆನ್ನಮಲ್ಲಿಕಾರ್ಜುನನೆಂಬ ಬೇರೊಬ್ಬ ಪತಿಯ ಆಸರೆ ಇತ್ತು. ದೇವರಿಗಾಗಿ ಗಂಡನನ್ನು ಬಿಟ್ಟವಳನ್ನು ಲೋಕ ಪೂಜಿಸಿತು. ತನಗಾಗಿ ಬಿಟ್ಟವಳನ್ನು ಪೂಜಿಸಿದ ನಿದರ್ಶನ ನಮಗೆ ದೊರೆತಿಲ್ಲ. ಅಲ್ಲದೆ, ವಿಜಾಪುರದ ಫ. ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದುದು ೧೯೨೩ರಲ್ಲಿ. ಅದಕ್ಕೆ ಮುಂಚಿನ ಕಾದಂಬರಿಕಾರನಿಗೆ ಅಕ್ಕನು ಪೂಜ್ಯ ಶರಣೆಯಾಗಿ ಪರಿಚಿತಳಾಗಿದ್ದಳೇ ಹೊರತು ಕಥೆಯ ಮಾದರಿಯಾಗಿ ಅಲ್ಲ.

ಸ್ತ್ರೀಯೇ ಲೇಖನಿ ಹಿಡಿದಾಗ ಸ್ಥಿತಿ ಬದಲಾಯಿತೆ? ನಂಜನಗೂಡಿನ ತಿರುಮಲಾಂಬಾ (೧೮೮೭-೧೯೮೨) ಬಾಲವಿಧವೆ. ೧೯೧೩ರ ಸುಮಾರಿಗೆ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನು ಆರಂಭಿಸಿ, ತಾವೇ ಬರೆದು ತಾವೇ ಪ್ರಕಟಿಸಿದರು. ಪತಿಯೂ ಮಕ್ಕಳೂ ಇಲ್ಲದೆ, ಸ್ವಂತ ಉದ್ಯಮದಿಂದ ಬದುಕಿದ ಇವರ ‘ಸುಶೀಲೆ’ ಮೊದಲಾದ ಕೃತಿಗಳಲ್ಲಿ ಎತ್ತಿಹಿಡಿದ ಆದರ್ಶವಾದರೋ ಪತಿವ್ರತೆಯದು. ಜೀವನವು ಒಂದು ದಾರಿಯಲ್ಲಿ ನಡೆದರೆ ಕಥೆ ಇನ್ನೊಂದು ದಾರಿಯನ್ನು ಹೊಗಳಿತು. ಇದನ್ನು ಆತ್ಮವಂಚನೆಯೆಂದು ನಾವು ಕರೆಯಲಾರೆವು. ಪುಸ್ತಕ ಮನೆಯೊಳಗೆ ಪ್ರವೇಶಿಸಬೇಕಾದರೆ ಹಿರಿಯರ ಅನುಮತಿಯನ್ನು ಪಡೆಯಬೇಕಾಗಿದ್ದ ಕಾಲವದು.

೭

ಒಟ್ಟಿನಲ್ಲಿ ನಮಗೆ ತೋರುವುದಿಷ್ಟು. ಹತ್ತೊಂಬತ್ತನೆಯ ಶತಮಾನದ ಕನ್ನಡ ಕಾದಂಬರಿಯನ್ನು ಸ್ತ್ರೀಸ್ವಾತಂತ್ರ್ಯದ ಇತಿಹಾಸಕ್ಕೆ ಆಕರವಾಗಿ ಬಳಸುವವರು, ಅದು ಹೇಳುವುದರಿಂದ ಸುಧಾರಕರ ಮನಸ್ಸನ್ನೂ, ಅದು ಹೇಳದೆ ಬಿಟ್ಟುದರಿಂದ ಸಮಾಜದ ಬಿಗುವನ್ನೂ ತಿಳಿಯಬೇಕು. ಇಂದಿರೆಯ ಮರುಮದುವೆ ನಿಜವಾದ ಬಿಡುಗಡೆಯೇ. ಆಕೆಗೆ ಮಗುವಿಲ್ಲದಿದ್ದುದೇ ಆ ಬಿಡುಗಡೆ ಅಷ್ಟು ಸುಗಮವಾದುದರ ಗುಟ್ಟು. ಕಾದಂಬರಿ ನಿಂತ ಸ್ಥಳದಿಂದ ಮುಂದೆ ನಡೆದವರು ರುಖ್ಮಾಬಾಯಿ, ರಮಾಬಾಯಿಯರಂಥ ಕೆಲವರು ಮತ್ತು ಹೆಸರುಳಿಯದ ಉಡಿಕೆಯ ಹೆಣ್ಣುಮಕ್ಕಳು ಹಲವರು. ಮೊದಲಿನವರ ವೃತ್ತಾಂತ ಗ್ರಂಥಗಳಲ್ಲಿ ದೊರೆಯುತ್ತದೆ. ಎರಡನೆಯವರದು ಹಳೆಯ ದಾವೆಗಳ ಕಡತಗಳಲ್ಲಿ, ಹೊಲದ ಖಾತೆಗಳಲ್ಲಿ, ಮುಳುಗಿದ ಊರುಗಳಿಂದ ಎದ್ದು ಬಂದವರ ಬಾಯಿಮಾತಿನಲ್ಲಿ ಚದುರಿಹೋಗಿದೆ. ಮನೆಗಳು ನೀರಿನಲ್ಲಿ ಮುಳುಗಿದರೂ ಮಾತು ಇನ್ನೂ ಪೂರ್ತಿ ಮುಳುಗಿಲ್ಲ. ಆದರೆ ಅದನ್ನು ಬಲ್ಲ ಅಜ್ಜಿಯರು ಬಹುಕಾಲ ಇರಲಾರರು. ನಮ್ಮ ವಿದ್ಯಾರ್ಥಿಗಳು ತಮ್ಮತಮ್ಮ ಊರುಗಳಲ್ಲಿ ಅದನ್ನು ಕೇಳಿ ಬರೆದುಕೊಳ್ಳಬೇಕು.

“ಮದುವೆ ಆಗಲೇಬೇಕಿತ್ತೇ” ಎಂಬ ಪ್ರಶ್ನೆಗೆ ನಾವು ಈಗ ಕೊಡುವ ಉತ್ತರ ಇದು: ಇಂದಿರೆಗೆ ಹೊರಬರಲು ಗ್ರಂಥಕರ್ತನು ಕಂಡಿದ್ದ ಬಾಗಿಲು ಅದೊಂದೇ, ಮತ್ತು ಆಕೆ ಅದನ್ನು ದಾಟಿದಳು. ಆ ವಿದ್ಯಾರ್ಥಿನಿಯ ಹಿರಿಯಳೂ ಒಂದು ಬಾಗಿಲನ್ನು ದಾಟಿದಳು. ದಾಟುವಾಗ ಮಗನನ್ನು ಒಳಗೆ ಬಿಟ್ಟಳು. ಇಬ್ಬರಲ್ಲಿ ಒಬ್ಬಳ ಹೆಸರು ಮಾತ್ರ ಪುಸ್ತಕದ ಮುಖಪುಟವನ್ನೇರಿತು. ಇನ್ನೊಬ್ಬಳ ಹೆಸರನ್ನು ಹುಡುಕುವ ಕೆಲಸವನ್ನು ಆ ವಿದ್ಯಾರ್ಥಿನಿ ಈಗ ಕೈಕೊಂಡಿದ್ದಾಳೆ. ಅದು ಸಫಲವಾಗಲೆಂದು ನಾವು ಹಾರೈಸುತ್ತೇವೆ.